ಸಂಬಳದ ಚೀಟಿ ಇಲ್ಲದವರ ಅಪಘಾತ ಪರಿಹಾರ

ಅಪಘಾತದ ಸುದ್ದಿ ಬರೆಯುವುದನ್ನು ಕಲಿಯುವಾಗ ನಮಗೆಲ್ಲ ಮೊದಲು ರೂಢಿಯಾಗುವುದು ಅದರ ಕೊನೆಯ ಸಾಲು: ‘ಈ ಕುರಿತು ಗ್ರಾಮಾಂತರ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಸತ್ತವರ ಮನೆಯಲ್ಲಿ, ಕಾಲು ಕಳೆದುಕೊಂಡವರ ಮನೆಯಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ಆಸ್ಪತ್ರೆಯ ಬಿಲ್ಲು, ಕೈಸಾಲ, ವಕೀಲರ ಕಚೇರಿ, ವಾಯಿದೆಯ ಮೇಲೆ ವಾಯಿದೆ. ಪರಿಹಾರ ಕೇಳಲು ಹೋದವರಿಗೆ ಅಲ್ಲಿ ಎದುರಾಗುವ ದೊಡ್ಡ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ದುಡಿಯುತ್ತಿದ್ದಿರಿ, ಅದಕ್ಕೆ ದಾಖಲೆ ಏನಿದೆ?

ಸರ್ಕಾರಿ ನೌಕರರ ಮನೆಯವರು ಸಂಬಳದ ಚೀಟಿ ತೋರಿಸುತ್ತಾರೆ. ಕಳೆ ಕೀಳುವವರು, ಗಾರೆ ಕೆಲಸದವರು, ಸಂತೆಯಲ್ಲಿ ತರಕಾರಿ ಮಾರುವವರು, ಮನೆಯ ಒಳಗೂ ಹೊಲದಲ್ಲೂ ದುಡಿಯುವ ಹೆಣ್ಣುಮಕ್ಕಳು ಏನು ತೋರಿಸಬೇಕು? ನಮ್ಮ ದೇಶದಲ್ಲಿ ಅಪಘಾತ ಪರಿಹಾರದ ಕಾನೂನಿಗೆ 170 ವರ್ಷಗಳ ಚರಿತ್ರೆ ಇದೆ. ಕಾಗದ ಇಲ್ಲದ ಈ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಕಾನೂನು ಎಷ್ಟು ಕಾಲ ತೆಗೆದುಕೊಂಡಿತು ಎನ್ನುವುದೇ ಆ ಚರಿತ್ರೆಯ ತಿರುಳು.

ಸತ್ತರೆ ಹಕ್ಕೂ ಸಾಯುತ್ತಿತ್ತು

ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ಇನ್ನೊಬ್ಬರ ತಪ್ಪಿನಿಂದ ಗಾಯಗೊಂಡವರು ದಾವೆ ಹೂಡಬಹುದಿತ್ತು. ಆದರೆ ಗಾಯಾಳು ಸತ್ತುಹೋದರೆ ಆ ಹಕ್ಕೂ ಅವರ ಜೊತೆಗೇ ಮಣ್ಣಾಗುತ್ತಿತ್ತು. ಕಾಲು ಮುರಿದವನು ದಂಡ ತೆರಬೇಕು, ಜೀವ ತೆಗೆದವನು ಏನೂ ಕೊಡಬೇಕಿಲ್ಲ! ರೈಲುಗಳು ಹೆಚ್ಚುತ್ತಿದ್ದ ಕಾಲದಲ್ಲಿ, 1846ರಲ್ಲಿ, ಇಂಗ್ಲೆಂಡ್ ಇದನ್ನು ತಿದ್ದಿಕೊಂಡಿತು. ಅದೇ ಮಾದರಿಯಲ್ಲಿ 1855ರಲ್ಲಿ ಭಾರತಕ್ಕೂ ಮಾರಣಾಂತಿಕ ಅಪಘಾತಗಳ ಕಾಯ್ದೆ ಬಂತು. ಬೋರಿಬಂದರಿನಿಂದ ಠಾಣೆಗೆ ನಮ್ಮ ಮೊದಲ ಪ್ರಯಾಣಿಕರ ರೈಲು ಓಡಿ ಆಗಿನ್ನೂ ಎರಡು ವರ್ಷವಾಗಿತ್ತು.

ಆ ಕಾಯ್ದೆಯ ಪ್ರಕಾರ ಪರಿಹಾರ ಸಿಗುತ್ತಿದ್ದುದು ಸತ್ತವರ ಗಂಡ ಅಥವಾ ಹೆಂಡತಿ, ತಂದೆತಾಯಿ ಮತ್ತು ಮಕ್ಕಳಿಗೆ ಮಾತ್ರ. ಎದುರಾಳಿಯ ತಪ್ಪನ್ನು ಸಾಬೀತು ಮಾಡಬೇಕಿತ್ತು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕಿತ್ತು. ದುಡಿಯುವ ಕೈ ಕಳೆದುಕೊಂಡ ಬಡ ಮನೆಗೆ ಇದು ದೂರದ ಮಾತೇ ಆಗಿತ್ತು.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಯಿತು. ಕೆಲಸದ ವೇಳೆ ಗಾಯಗೊಂಡ ಕಾರ್ಮಿಕ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿರಲಿಲ್ಲ. ಆದರೆ ಅದು ಅನ್ವಯವಾಗುತ್ತಿದ್ದುದು ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ. ಲೆಕ್ಕವೂ ಕೂಲಿಯ ಮೇಲೆಯೇ ನಿಂತಿತ್ತು.

ರಸ್ತೆಗೊಂದು ನ್ಯಾಯಮಂಡಳಿ

ಬಸ್ಸು ಲಾರಿಗಳು ಹೆಚ್ಚಿದಾಗ 1939ರ ಮೋಟಾರು ವಾಹನ ಕಾಯ್ದೆ ಬಂತು. ಅಪಘಾತಕ್ಕೆ ಸಿಕ್ಕಿದ ಹೊರಗಿನವರಿಗಾಗಿ ಪ್ರತಿ ವಾಹನಕ್ಕೂ ವಿಮೆ ಇರಲೇಬೇಕು ಎಂಬ ಅದರ ಅಧ್ಯಾಯ 1946ರಲ್ಲಿ ಜಾರಿಯಾಯಿತು. ನಾವು ಇಂದು ‘ಥರ್ಡ್ ಪಾರ್ಟಿ’ ಎನ್ನುವುದು ಇದನ್ನೇ. ಮಾಲೀಕ ಬಡವನಾದರೂ ಗಾಯಾಳುವಿಗೆ ಹಣ ಸಿಗಬೇಕು ಎಂಬುದು ಇದರ ಹಿಂದಿನ ವಿಚಾರ. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಹುಟ್ಟಿದವು. ಅರ್ಜಿ ಹಾಕಲು ಮೊದಲು ಇದ್ದ ಗಡುವು ಬರೀ 60 ದಿನ. 1969ರಲ್ಲಿ ಅದು ಆರು ತಿಂಗಳಾಯಿತು.

ನ್ಯಾಯಮಂಡಳಿ ಬಂದರೂ ಬಡವರಿಗೆ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಹರಿಯಾಣದಲ್ಲಿ ಸರ್ಕಾರಿ ಬಸ್ಸಿಗೆ ಸಿಕ್ಕಿ ಸತ್ತವರೊಬ್ಬರ ಹೆಂಡತಿ ಮತ್ತು ಮಗಳು ಪರಿಹಾರ ಕೇಳಿದಾಗ, ಕೋರ್ಟ್ ಫೀ ಕಟ್ಟಲೇಬೇಕೆಂದು ಸ್ವತಃ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸರ್ಕಾರಕ್ಕೆ ಛೀಮಾರಿ ಹಾಕಿ ಆ ಅರ್ಜಿಯನ್ನು ತಳ್ಳಿಹಾಕಿದರು. ಚಾಲಕನ ತಪ್ಪು ಸಾಬೀತಾಗದಿದ್ದರೂ ಪರಿಹಾರ ಸಿಗುವಂತಾಗಬೇಕು ಎಂಬ ಕೂಗು ಆ ದಿನಗಳಲ್ಲೇ ಬಲವಾಯಿತು. 1982ರ ತಿದ್ದುಪಡಿ ಅದನ್ನು ಒಪ್ಪಿತು. ಯಾರ ತಪ್ಪು ಎಂದು ಕೇಳದೆ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. ಗುದ್ದಿ ಓಡಿಹೋದ ವಾಹನದಿಂದ ಸತ್ತರೆ 5,000, ತೀವ್ರ ಗಾಯವಾದರೆ 1,000.

ಪರಿಹಾರ ಕೇಳುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಬದಲಾಯಿತು. 1987ರಲ್ಲಿ ಗುಜರಾತಿನ ಹುಡುಗನೊಬ್ಬನ ಸಾವಿಗೆ ಅವನ ಸಹೋದರರು ಪರಿಹಾರ ಕೇಳಿದ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. 1855ರ ಪಟ್ಟಿಯಲ್ಲಿ ಅಣ್ಣತಮ್ಮಂದಿರಿಗೆ ಜಾಗವಿರಲಿಲ್ಲ. ಕನ್ನಡಿಗರೇ ಆದ, ಮುಂದೆ 1989ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಆದ ಇ.ಎಸ್. ವೆಂಕಟರಾಮಯ್ಯ ಅವರು ತೀರ್ಪು ಬರೆದರು. ನಮ್ಮ ಕುಟುಂಬಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಒಂದೇ ಸೂರಿನಡಿ ಒಬ್ಬರನ್ನೊಬ್ಬರು ನಂಬಿ ಬದುಕುತ್ತಾರೆ, ಹಾಗಾಗಿ ಅವರೂ ಪರಿಹಾರ ಕೇಳಬಹುದು ಎಂಬುದು ಅದರ ಸಾರ. ಕೂಡು ಕುಟುಂಬದ ಬದುಕು ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ.

1988ರ ಹೊಸ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ವಲಸೆ ಹೋಗುವವರಿಗೆ ಬಹಳ ಮುಖ್ಯವಾದದ್ದು. ಅದು ಗಡುವನ್ನೇ ತೆಗೆದುಹಾಕಿತು. ಅಷ್ಟೇ ಅಲ್ಲ, ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂಬ ಕಟ್ಟನ್ನೂ ಸಡಿಲಿಸಿ, ಅರ್ಜಿದಾರರು ವಾಸವಿರುವ ಕಡೆಯೇ ಹಾಕಬಹುದು ಎಂದಿತು. ರಾಯಚೂರಿನಿಂದ ಪುಣೆಗೆ ದುಡಿಯಲು ಹೋಗಿ ಅಲ್ಲಿ ಗಾಯಗೊಂಡವರು ತಮ್ಮ ಜಿಲ್ಲೆಯಲ್ಲೇ ಕೇಸು ನಡೆಸಲು ಸಾಧ್ಯವಾದದ್ದು ಇದರಿಂದ.

ದುಡಿಮೆಯ ಬೆಲೆ ಕಟ್ಟುವುದು

ಇನ್ನು ಹಣದ ಲೆಕ್ಕ. ಬಹಳ ಕಾಲ ಒಂದೊಂದು ನ್ಯಾಯಮಂಡಳಿಯದು ಒಂದೊಂದು ಲೆಕ್ಕವಾಗಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಮ ಹಾಕಿಕೊಟ್ಟಿತು. ವಕೀಲರು ‘ಸರಳಾ ವರ್ಮಾ ಪ್ರಕರಣ’ ಎನ್ನುವುದು ಇದನ್ನೇ. ಸತ್ತವರ ವರ್ಷದ ಆದಾಯದಲ್ಲಿ ಅವರ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಗುಣಕ 15ರಿಂದ 25ರ ವಯಸ್ಸಿಗೆ 18, 26ರಿಂದ 30ಕ್ಕೆ 17, ಹೀಗೆ ಇಳಿಯುತ್ತಾ 65 ದಾಟಿದವರಿಗೆ 5. ಸ್ವಂತ ದುಡಿಮೆಯವರ ಆದಾಯವೂ ಮುಂದೆ ಏರುತ್ತದೆ ಎಂದು ಒಪ್ಪಿದ 2017ರ ಸಂವಿಧಾನ ಪೀಠ, 40 ವರ್ಷದೊಳಗಿನವರಾದರೆ ಆದಾಯಕ್ಕೆ ಶೇ 40 ಸೇರಿಸಬೇಕು ಎಂದಿತು.

ಒಂದು ಉದಾಹರಣೆ ನೋಡೋಣ. 30 ವರ್ಷದ ಕೂಲಿಕಾರ, ನಂಬಿದವರು ನಾಲ್ವರು. ತಿಂಗಳ ಆದಾಯ 10,000 ಎಂದು ಹಿಡಿದರೆ, ಶೇ 40 ಸೇರಿಸಿ 14,000. ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 10,500. ವರ್ಷಕ್ಕೆ 1,26,000. ಅದನ್ನು 17ರಿಂದ ಗುಣಿಸಿದರೆ 21,42,000 ರೂಪಾಯಿ. ಅದೇ ಮನುಷ್ಯನ ಆದಾಯ 5,000 ಎಂದು ಹಿಡಿದರೆ ಮೊತ್ತ 10,71,000ಕ್ಕೆ ಇಳಿಯುತ್ತದೆ. ಕಾಗದ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಒಂದು ಮನೆಯ ಪಾಲನ್ನು ಅರ್ಧಕ್ಕೆ ಇಳಿಸಬಲ್ಲದು.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕ ಎರಡು ಪ್ರಕರಣಗಳು ಕರ್ನಾಟಕದಿಂದಲೇ ಹೋದವು. ಮೊದಲನೆಯದು 2011ರದು. ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂದ ಕೂಲಿಕಾರನೊಬ್ಬನ ಆದಾಯವನ್ನು ನ್ಯಾಯಮಂಡಳಿ 3,000 ಎಂದು ಇಳಿಸಿತ್ತು. ಕೂಲಿಕಾರ ದಾಖಲೆ ತರುವುದು ಎಲ್ಲಿಂದ ಎಂದ ಸುಪ್ರೀಂ ಕೋರ್ಟ್, ಅವನ ಮಾತನ್ನೇ ಒಪ್ಪಿ 4,500 ಎಂದು ಹಿಡಿಯಿತು. ಎರಡನೆಯದು 2014ರದು. ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಆದಾಯಕ್ಕೆ ದಾಖಲೆ ಕೇಳುವುದೇ ಸರಿಯಲ್ಲ ಎಂದು ತಿಂಗಳಿಗೆ 6,500 ರೂಪಾಯಿ ಆದಾಯ, ಶೇ 85ರಷ್ಟು ದುಡಿಮೆಯ ನಷ್ಟ ಎಂದು ಲೆಕ್ಕ ಹಾಕಿತು.

ಅಂಗವೈಕಲ್ಯವನ್ನು ಅಳೆಯುವ ರೀತಿಯೂ ಬದಲಾಗಿತ್ತು. ವೈದ್ಯರು ಬರೆಯುವ ಶೇಕಡಾವಾರು ಒಂದು, ದುಡಿಮೆಯಲ್ಲಿ ಆಗುವ ನಷ್ಟ ಇನ್ನೊಂದು ಎಂದು ಸುಪ್ರೀಂ ಕೋರ್ಟ್ 2010ರ ಕೊನೆಯ ಹೊತ್ತಿಗೆ ಬಿಡಿಸಿ ಹೇಳಿತ್ತು. ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು. ಎಡಗೈ ಹೋದ ಬಡಗಿಯ ದುಡಿಮೆ ಪೂರ್ತಿ ಹೋದಂತೆಯೇ.

ಗೃಹಿಣಿಯರ ದುಡಿಮೆಯ ಎಣಿಕೆ ಇನ್ನೂ ತಡವಾಯಿತು. ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತದ ಪ್ರಕರಣದಲ್ಲಿ, 2001ರಲ್ಲಿ, ಗೃಹಿಣಿಯ ಸೇವೆಯ ಬೆಲೆ ತಿಂಗಳಿಗೆ 3,000 ಎಂದು ಸುಪ್ರೀಂ ಕೋರ್ಟ್ ಅಂದಾಜು ಮಾಡಿತು. 2021ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸರ್ಕಾರಿ ಸಮೀಕ್ಷೆಯೊಂದನ್ನು ಮುಂದಿಟ್ಟರು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಾರೆ. ಇದು ದುಡಿಮೆಯೇ, ಇದರ ಆದಾಯವನ್ನು ಹಿಡಿಯುವುದು ದಯೆಯಲ್ಲ ಎಂಬುದು ಆ ತೀರ್ಪಿನ ನಿಲುವು.

ಈಗ ನಮ್ಮ ರಾಜ್ಯದಲ್ಲಿ ಆದಾಯದ ದಾಖಲೆ ಇಲ್ಲದವರಿಗಾಗಿ, ಅಪಘಾತವಾದ ವರ್ಷಕ್ಕೆ ತಕ್ಕಂತೆ ತಿಂಗಳ ಆದಾಯವನ್ನು ಅಂದಾಜಿಸುವ ಪಟ್ಟಿಯೊಂದಿದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಳಿಗೆಂದು ಮಾಡಿದ ಈ ಪಟ್ಟಿಯನ್ನು ಹೈಕೋರ್ಟ್ ಕೂಡ ಬಳಸುತ್ತದೆ.

ಟ್ರೇಲರಿನಲ್ಲಿ ಕೂತವರು

ಇಷ್ಟೆಲ್ಲ ಆದಮೇಲೂ ನಮ್ಮ ಹಳ್ಳಿಗಳಲ್ಲಿ ಒಂದು ದೊಡ್ಡ ಗುಂಪು ಹೊರಗೇ ಉಳಿದಿದೆ. ಹತ್ತಿ, ಮೆಣಸಿನಕಾಯಿ ಬಿಡಿಸಲು ಹೆಂಗಸರು ಹೋಗುವುದು ಗೂಡ್ಸ್ ಗಾಡಿಯಲ್ಲಿ. ಜಾತ್ರೆಗೆ, ಮದುವೆಗೆ ಊರಿಗೆ ಊರೇ ಹೊರಡುವುದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಸರಕು ವಾಹನದಲ್ಲಿ ಕೂತವರಿಗೂ ವಿಮಾ ಕಂಪನಿ ಹಣ ಕೊಡಬೇಕು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2002ರ ಕೊನೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುವಿಹಾಕಿತು. 1994ರ ತಿದ್ದುಪಡಿಯಿಂದ ಸರಕಿನ ಜೊತೆ ಹೋಗುವ ಅದರ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ರಕ್ಷಣೆ ಇದೆ. ಸುಮ್ಮನೆ ಹತ್ತಿ ಕೂತವರಿಗೆ ಇಲ್ಲ.

ಎದುರಿನಿಂದ ಬಂದ ಲಾರಿಯದು ತಪ್ಪಾಗಿದ್ದರೆ ಆ ಲಾರಿಯ ವಿಮೆಯಿಂದ ಪರಿಹಾರ ಕೇಳಬಹುದು. ಟ್ರ್ಯಾಕ್ಟರು ತಾನೇ ಪಲ್ಟಿಯಾದರೆ ಉಳಿಯುವವರು ಮಾಲೀಕರೊಬ್ಬರೇ. ಅವರು ಅದೇ ಊರಿನ, ಸಾಲದಲ್ಲಿ ಟ್ರ್ಯಾಕ್ಟರು ತಂದ ಸಣ್ಣ ರೈತರಾಗಿದ್ದರೆ ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ. ಕೊಡಬೇಕಾದವರೂ ಕೇಳುವವರೂ ಒಂದೇ ಕೇರಿಯವರು. ಬಸ್ಸು ಬಾರದ ಊರಿನಲ್ಲಿ ಬೇರೆ ಗಾಡಿ ಹತ್ತಿ ಎಂದು ಹೇಳುವುದು ಸುಲಭವಲ್ಲ.

ಮತ್ತೆ ಬಂದ ಗಡುವು

2019ರ ತಿದ್ದುಪಡಿಯ ಪರಿಹಾರದ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಗುದ್ದಿ ಓಡಿಹೋದ ಪ್ರಕರಣದಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಇವೆಲ್ಲ ಒಳ್ಳೆಯವೇ. ಆದರೆ ವಿಮಾ ಕಂಪನಿ ಮುಂದಿಡುವ 5 ಲಕ್ಷವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಲಿನ 21 ಲಕ್ಷದ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ.

ಜೊತೆಗೆ 1994ರಲ್ಲಿ ಹೋಗಿದ್ದ ಆರು ತಿಂಗಳ ಗಡುವು ವಾಪಸ್ ಬಂದಿದೆ. ಆಸ್ಪತ್ರೆಯಲ್ಲೇ ಮೂರು ತಿಂಗಳು ಕಳೆದವರಿಗೆ ಆರು ತಿಂಗಳು ಎಂದರೆ ಎಷ್ಟು? ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಟ್ಟಿವೆ. ಹಾಗಾಗಿ ತಡವಾಯಿತೆಂದು ಕೈಚೆಲ್ಲಿ ಕೂರದೆ ವಿಚಾರಿಸುವುದು ಒಳ್ಳೆಯದು.

ವಿಚಾರಿಸಲು ಜಾಗವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಯಾದ ಮೇಲೆ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನಲ್ಲೇ ಸಮಿತಿಯ ಕಚೇರಿ ಇರುತ್ತದೆ. ಸಹಾಯವಾಣಿ 15100. ಬಂದ ಹಣದಲ್ಲಿ ಇಷ್ಟು ಪಾಲು ನಮಗೆ ಎಂದು ವಕೀಲರು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಪಾಲು ಕೇಳುವವರು ಎದುರಾದರೆ ಇದು ನೆನಪಿರಲಿ.

60 ದಿನ, ಆರು ತಿಂಗಳು, ಗಡುವೇ ಇಲ್ಲ, ಮತ್ತೆ ಆರು ತಿಂಗಳು. ಈ ಚರಿತ್ರೆ ಮುಂದಕ್ಕಷ್ಟೇ ಹೋಗುವುದಿಲ್ಲ, ಹಿಂದಕ್ಕೂ ಬರುತ್ತದೆ. ಅದು ಹಿಂದಕ್ಕೆ ಬಂದಾಗ ಹಳ್ಳಿಗೆ ತಿಳಿಸುವ ಕೆಲಸ ನಮ್ಮದೂ ಹೌದು. ‘ಪ್ರಕರಣ ದಾಖಲಾಗಿದೆ’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲು ನಾವು ತೀರ್ಮಾನಿಸಿದ್ದೇವೆ: ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವಿದೆ, ವಕೀಲರ ನೆರವಿಗೆ 15100ಕ್ಕೆ ಕರೆ ಮಾಡಿ.