ಸಾರಿನ ಪಾತ್ರೆಯಲ್ಲೊಂದು ಚರಿತ್ರೆ

ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆಗೆ ಹೊರಟರೆ ಹುಣಸಮಾರನಹಳ್ಳಿ ಸಿಗುತ್ತದೆ. ಹೆಸರು ಕೇಳಿದೊಡನೆ ಹುಣಸೆಯ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ನಮ್ಮ ಮನೆಗಳ ತರಕಾರಿ ಸಾರಿನ ಕಥೆಯನ್ನು ಈ ಹುಣಸೆಯಿಂದಲೇ ಆರಂಭಿಸಬಹುದು.

ಹುಣಸೆ ಅಪ್ಪಟ ನಮ್ಮ ನೆಲದ್ದೆಂದೇ ನಾವು ತಿಳಿದಿದ್ದೇವೆ. ಸಸ್ಯಶಾಸ್ತ್ರಜ್ಞರ ಪ್ರಕಾರ ಅದರ ತವರು ಆಫ್ರಿಕಾ. ಆದರೆ ಅದು ಬಹು ಹಿಂದೆಯೇ ಇಲ್ಲಿ ಬೇರೂರಿ ನಮ್ಮದೇ ಆಗಿಹೋಗಿತ್ತು. ಆದ್ದರಿಂದಲೇ ಅರಬರು ಅದನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ 'ಟ್ಯಾಮರಿಂಡ್' ಈ ಹೆಸರಿನಿಂದಲೇ ಹುಟ್ಟಿತು. ನಾವಂತೂ ತರಕಾರಿ ಸಾರಿಗೇ 'ಹುಳಿ' ಎಂದು ಹೆಸರಿಟ್ಟೆವು.

ಇನ್ನು ಹುಳಿಯೊಳಗಿನ ತರಕಾರಿ. 16ನೇ ಶತಮಾನದ ಆರಂಭದಲ್ಲಿ ಜೈನ ಕವಿ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಬದನೆ, ಬಾಳೆ, ಹಲಸುಗಳ ಬಗೆಬಗೆಯ ಅಡುಗೆಗಳು ಅದರಲ್ಲಿವೆ. ಅದೇ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ತನ್ನ 'ಐನ್-ಎ-ಅಕ್ಬರಿ'ಯಲ್ಲಿ ಅರಮನೆಯ ಅಡುಗೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೊದಲನೆಯದೇ ಮಾಂಸವಿಲ್ಲದ 'ಸೂಫಿಯಾನ'. ಖಿಚಡಿ, ಸಾಗ್ ಎಂಬ ಸೊಪ್ಪಿನಡುಗೆ, ಬಾದಿಂಜಾನ್ ಎಂಬ ಬದನೆಯಡುಗೆ ಆ ಪಟ್ಟಿಯಲ್ಲಿವೆ. ಅದಕ್ಕೂ ಬಹಳ ಹಿಂದೆ, ಪ್ರವಾದಿ ಮುಹಮ್ಮದ್ (ಸ) ಅವರು ಊಟದ ತಟ್ಟೆಯಲ್ಲಿ ಸೋರೆಕಾಯಿಯ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಕಂಡ ಅನಸ್ (ರ) ಅವರ ವರದಿ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ನಮ್ಮ ದಾಲ್ಚಾದಲ್ಲಿ ಇಂದಿಗೂ ಸೋರೆಕಾಯಿ ಇದೆ. ಮುಸ್ಲಿಮರ ಅಡುಗೆಯೆಂದರೆ ಬರೀ ಮಾಂಸವೆಂದು ಭಾವಿಸುವ ಹೊರಗಿನವರೂ, ಹಾಗೆಂದೇ ನಂಬಿಕೊಂಡ ನಮ್ಮ ಮನೆಯ ಮಕ್ಕಳೂ ಇದನ್ನು ತಿಳಿಯಬೇಕು.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಯಿತು. ಅಮೆರಿಕ ಖಂಡದ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆಗಳು ಒಂದರ ಹಿಂದೊಂದಾಗಿ ನಮ್ಮ ಅಡುಗೆಮನೆ ಸೇರಿದ್ದು ಆ ಬಳಿಕವೇ. ಅದಕ್ಕೆ ಮುಂಚೆ ಖಾರವೆಂದರೆ ಮೆಣಸು. ಹೊಸ ಕಾಯಿಗೂ ಮೆಣಸಿನ ಹೆಸರನ್ನೇ ಕೊಟ್ಟೆವು; ಹಳೆಯ ಮೆಣಸು 'ಕರಿಮೆಣಸು' ಆಯಿತು.

ಬೆಂಗಳೂರಿನ ಪಾಲೂ ಇದರಲ್ಲಿದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ 1874ರಲ್ಲಿ ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿ ಬಂದರು. ಸೀಮೆಬದನೆಯನ್ನು ಇಲ್ಲಿಗೆ ತಂದವರು ಅವರೆಂದು ಹೇಳುತ್ತಾರೆ. ನಾವು ಅದನ್ನು ಸೀಮೆಯದೆಂದರೆ, ತೆಲುಗರು 'ಬೆಂಗಳೂರು ವಂಕಾಯ' ಎನ್ನುತ್ತಾರೆ! ಒಂದೂರಿಗೆ ಪರದೇಶಿಯಾದದ್ದು ಪಕ್ಕದೂರಿನ ಕಣ್ಣಿಗೆ ಸ್ಥಳೀಯ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆಯ ಹಳ್ಳಿಗಳ ಚಹರೆಯೇ ಬದಲಾಗಿದೆ. ಹೊಲವಿದ್ದಲ್ಲಿ ಬಡಾವಣೆಗಳೆದ್ದಿವೆ. ದುಡಿದು ದಣಿದು ಬಂದವರಿಗೆ ಪಾರ್ಸೆಲ್ ಊಟ ಸುಲಭವಾಗಿ ಕಾಣುತ್ತದೆ. ಮನೆಯ ಸಾರಿನಲ್ಲೂ ಎಣ್ಣೆ ಹೆಚ್ಚಿ, ಹೋಳು ಕಡಿಮೆಯಾಗಿದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವರ ಸಂಸಾರಕ್ಕೆ ಎರಡು ಕಿಲೋ! ನಮ್ಮಲ್ಲಿ ಎಷ್ಟು ಮನೆಗಳು ಇಷ್ಟನ್ನು ತರುತ್ತವೆ?

ಪರಿಹಾರ ಹಳೆಯ ಪಾತ್ರೆಯಲ್ಲೇ ಇದೆ. ತೊಗರಿಬೇಳೆಯನ್ನು ಅರಿಶಿನದೊಂದಿಗೆ ಬೇಯಿಸಿ ಸೋರೆ, ಬದನೆ, ನುಗ್ಗೆ, ಸೀಮೆಬದನೆಯ ಹೋಳುಗಳನ್ನು ಧಾರಾಳವಾಗಿ ಹಾಕೋಣ. ಅವು ಬೆಂದ ಮೇಲೆಯೇ ಹುಣಸೆರಸ ಸೇರಿಸಬೇಕು. ಹುಳಿ ಮೊದಲೇ ಬಿದ್ದರೆ ಹೋಳು ಬೇಗ ಮೆತ್ತಗಾಗುವುದಿಲ್ಲ. ಕೊನೆಗೆ ಒಂದು ಹಿಡಿ ಸೊಪ್ಪು, ಎರಡು ಚಮಚ ಎಣ್ಣೆಯ ಒಗ್ಗರಣೆ. ಮಾಂಸ ಹಾಕುವವರೂ ಹೋಳುಗಳನ್ನು ಕಡಿಮೆ ಮಾಡಬೇಕಿಲ್ಲ.

ಯಾರ ಅಡುಗೆ ಶುದ್ಧ, ಯಾರದು ಪರಕೀಯ ಎಂಬ ಜಗಳ ನಮ್ಮ ಬೀದಿಗಳಲ್ಲಿ ಆಗಾಗ ಎದ್ದೇಳುತ್ತದೆ. ಆಫ್ರಿಕಾದ ಹುಳಿ, ಅಮೆರಿಕದ ಖಾರ, ಈ ನೆಲದ ಬದನೆ ಒಂದೇ ಪಾತ್ರೆಯಲ್ಲಿ ಕುದಿದು ರುಚಿಯಾಗಿವೆ. ಈ ಸಾರನ್ನು ಬಡಿಸುವಾಗ ಅದರ ಕಥೆಯನ್ನೂ ಮಕ್ಕಳಿಗೆ ಹೇಳೋಣ.