ಒಂಟಿಕೊಪ್ಪಲಿನಿಂದ ವಿ.ವಿ. ಮೊಹಲ್ಲಾವರೆಗೆ: ಹಳ್ಳಿಯೊಂದು ಬಡಾವಣೆಯಾದ ಕಥೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಬಹಳ ಸಂತೋಷವಾಯಿತು. ಕಳಲೆಯ ಲಕ್ಷ್ಮೀಕಾಂತಸ್ವಾಮಿ ದೇವಾಲಯದ ಬಗ್ಗೆ, ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಇಲ್ಲಿನ ಮನೆತನದ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಇದ್ದಾರೆ. ಆದ್ದರಿಂದ ನಾನು ಮೈಸೂರಿನೊಳಗೆ ಸೇರಿಹೋದ ಒಂದು ಸಣ್ಣ ಹಳ್ಳಿಯ ಕಥೆಯನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಆ ಹಳ್ಳಿಗೂ ನಮ್ಮೂರಿಗೂ ಒಂದು ನಂಟಿದೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ಓದಲು ಮೈಸೂರಿಗೆ ಹೋದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಒಂಟಿಕೊಪ್ಪಲಿನ ಒಂದು ಔಟ್‌ಹೌಸ್ ಕೊಠಡಿ. ಊರಿಗೆ ಬರೆದ ಮೊದಲ ಕಾಗದದಲ್ಲಿ ವಿಳಾಸವನ್ನು 'ವಿ.ವಿ. ಮೊಹಲ್ಲಾ, ಮೈಸೂರು-2' ಎಂದು ಬರೆದಿದ್ದೆ. ಹಬ್ಬಕ್ಕೆ ಬಂದಾಗ ಅಪ್ಪ ಕೇಳಿದರು, "ಅದೇನ್ಲಾ ವಿ.ವಿ. ಅಂದ್ರೆ?" "ವಿಶ್ವವಿದ್ಯಾನಿಲಯ ಇರಬೇಕು ಕಣಪ್ಪ, ಪಕ್ಕದಲ್ಲೇ ಗಂಗೋತ್ರಿ ಐತಲ್ಲ" ಎಂದೆ. ಅಪ್ಪ ನಂಬಿದರು. ನಾನೂ ಅದನ್ನೇ ನಂಬಿಕೊಂಡು ಎರಡು ವರ್ಷ ಅಲ್ಲಿದ್ದೆ.

ವಿ.ವಿ. ಎಂದರೆ ವಾಣಿವಿಲಾಸ. ಮಹಾರಾಣಿ ವಾಣಿವಿಲಾಸ ಸನ್ನಿಧಾನ ಎಂದು ಹೆಸರಾದ ಕೆಂಪನಂಜಮ್ಮಣ್ಣಿಯವರು ಕಳಲೆ ಮನೆತನದ ಮಗಳು. ಚಾಮರಾಜೇಂದ್ರ ಒಡೆಯರ ಪತ್ನಿ, ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ. ಕಳಲೆಯ ಹುಡುಗನೊಬ್ಬ ತನ್ನೂರಿನ ಮನೆತನದ ಮಗಳ ಹೆಸರಿನ ಬಡಾವಣೆಯಲ್ಲಿ ವಾಸವಾಗಿದ್ದರೂ ಅದು ಅವನಿಗೆ ಗೊತ್ತಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಮೊದಲು ಹಳ್ಳಿಯ ಹೆಸರನ್ನು ನೋಡೋಣ. ಮೈಸೂರು, ಮಂಡ್ಯ ಸೀಮೆಯಲ್ಲಿ ದೊಡ್ಡ ಊರಿನಿಂದ ಸ್ವಲ್ಪ ದೂರದಲ್ಲಿ, ಹೊಲಗಳ ಹತ್ತಿರ ಕೆಲವೇ ಮನೆಗಳು ಸೇರಿಕೊಂಡ ನೆಲೆಯನ್ನು ಕೊಪ್ಪಲು ಎನ್ನುತ್ತಾರೆ. ಮೈಸೂರಿನ ಸುತ್ತ ಇಂಥ ಕೊಪ್ಪಲುಗಳು ಅನೇಕ. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ತೊಣಚಿಕೊಪ್ಪಲು ಎಂಬ ಹೆಸರುಗಳನ್ನು ಇವತ್ತಿಗೂ ಸಿಟಿ ಬಸ್ಸಿನಲ್ಲಿ ಕೇಳಬಹುದು. ಒಂಟಿಯಾಗಿದ್ದ ಕೊಪ್ಪಲು ಒಂಟಿಕೊಪ್ಪಲು. ಕೋಟೆ, ಪೇಟೆ, ಅಗ್ರಹಾರಗಳೇ ಮೈಸೂರಾಗಿದ್ದ ಕಾಲದಲ್ಲಿ ಇದು ಊರಿನ ಹೊರಗೆ, ವಾಯವ್ಯ ದಿಕ್ಕಿನಲ್ಲಿದ್ದ ಸಣ್ಣ ಹಳ್ಳಿ. ಅದರ ನೆರೆಯಲ್ಲಿ ಪಡುವಾರಹಳ್ಳಿ, ಅದರಾಚೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1864ರಲ್ಲಿ ಆದ ಕುಕ್ಕರಹಳ್ಳಿ ಕೆರೆ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. 1891ರಲ್ಲಿ ಅದೇ ಹಳಿ ನಮ್ಮ ನಂಜನಗೂಡಿನವರೆಗೂ ಮುಂದುವರಿಯಿತು. ರೈಲು ನಿಲ್ದಾಣಕ್ಕೆ ಸಮೀಪದಲ್ಲಿದ್ದ ಕೊಪ್ಪಲಿನ ಹೊಲಗಳು ಆಗಲೇ ಪಟ್ಟಣದ ಕಣ್ಣಿಗೆ ಬಿದ್ದಿರಬೇಕು.

ಆದರೆ ಮೈಸೂರು ತನ್ನ ಹಳೆಯ ಎಲ್ಲೆಯನ್ನು ದಾಟಿ ಹರಡಲು ದೊಡ್ಡ ಕಾರಣ ಪ್ಲೇಗು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ನಾಲ್ವಡಿಯವರು ಇನ್ನೂ ಬಾಲಕರು. ಹೀಗಾಗಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರೀಜೆಂಟರಾಗಿ ರಾಜ್ಯಭಾರ ನೋಡಿಕೊಂಡರು. ಅದು ಕಷ್ಟದ ಕಾಲ. 1897ರಲ್ಲಿ ಹಿರಿಯ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟಿತು. 1891ರ ಜನಗಣತಿಯಲ್ಲಿ 74,048 ಇದ್ದ ಮೈಸೂರು ನಗರದ ಜನಸಂಖ್ಯೆ 1901ರಲ್ಲಿ 68,111ಕ್ಕೆ ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡರೆ ರೋಗ ಬಿಡುವುದಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

1903ರಲ್ಲಿ ಮೈಸೂರು ನಗರಾಭಿವೃದ್ಧಿಗಾಗಿ ಪ್ರತ್ಯೇಕ ಟ್ರಸ್ಟ್ ಮಂಡಳಿಯೊಂದು ಸ್ಥಾಪನೆಯಾಯಿತು. ಭಾರತದಲ್ಲಿ ಇಂಥ ಮಂಡಳಿಗಳ ಪೈಕಿ ಇದು ಬಹಳ ಮೊದಲಿನದು. ಕಿಕ್ಕಿರಿದ ಕೇರಿಗಳನ್ನು ತೆರವು ಮಾಡುವುದು, ಹೊರಗಿನ ಬಯಲಿನಲ್ಲಿ ನೇರವಾದ ರಸ್ತೆ, ಚರಂಡಿ, ಉದ್ಯಾನಗಳಿರುವ ಹೊಸ ಬಡಾವಣೆ ಮಾಡುವುದು ಅದರ ಕೆಲಸ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಮೊದಲಾದವು ಹೀಗೆ ಎದ್ದವು. ಒಂಟಿಕೊಪ್ಪಲಿನ ಸುತ್ತಲೂ ನಿವೇಶನಗಳಾದವು. ಹೊಸ ಬಡಾವಣೆಗೆ ರಾಜಮಾತೆಯ ಹೆಸರು ಬಂದು ವಾಣಿವಿಲಾಸ ಮೊಹಲ್ಲಾ ಆಯಿತು. ಪಕ್ಕದ ಜಯಲಕ್ಷ್ಮೀಪುರಂ ಆಕೆಯ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರನ್ನು ನೆನಪಿಸುತ್ತದೆ. ಅವರ ಪತಿ, 1919ರಿಂದ 1922ರವರೆಗೆ ದಿವಾನರಾಗಿದ್ದ ಸರ್ ಎಂ. ಕಾಂತರಾಜ ಅರಸರೂ ಕಳಲೆ ಮನೆತನದವರೇ. ಆ ದಂಪತಿಗಳಿದ್ದ ಜಯಲಕ್ಷ್ಮೀವಿಲಾಸ ಅರಮನೆ ಇಂದು ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ. ಮೂರನೇ ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ಮಹಲಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನಡೆಯುತ್ತಿದೆ. ಒಂದು ಸುತ್ತು ನಡೆದರೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ದಾಟಿ ಬರಬಹುದು. ನಮ್ಮೂರಿನವರಿಗೆ ಇದು ತವರಿನ ನೆನಪು.

ಹೊಸ ಬಡಾವಣೆಗೆ ಅಧ್ಯಾಪಕರು, ಗುಮಾಸ್ತರು, ವಕೀಲರು ಬಂದು ನೆಲೆಸಿದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠಲ ವಿಹಾರ' ಮನೆಯಿಂದಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯ ಬಾನುಲಿಗೆ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಕುವೆಂಪು ಅವರ 'ಉದಯರವಿ' ಮನೆಯೂ ಒಂಟಿಕೊಪ್ಪಲಿನಲ್ಲೇ ಇದೆ. ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡ ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಪಡುವಾರಹಳ್ಳಿಯ ಪಕ್ಕದ ಆ ವಿಶಾಲ ಬಯಲಿಗೆ ನಾಡಿನ ಮೂಲೆಮೂಲೆಯಿಂದ ಹಳ್ಳಿಯ ಮಕ್ಕಳು ಓದಲು ಬಂದರು. ಈ ಶಾಲೆಯಲ್ಲಿ ಕಲಿತ ನಮ್ಮಲ್ಲಿ ಹಲವರೂ ಅವರಲ್ಲಿದ್ದೇವೆ. ಹಳ್ಳಿ ಬಡಾವಣೆಯಾದದ್ದರಿಂದ ನಾಡಿಗೆ ಒಳ್ಳೆಯದೇ ಆಗಲಿಲ್ಲ ಎಂದು ಯಾರೂ ಹೇಳಲಾರರು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹೊಲಗಳಲ್ಲಿ ಉಳುತ್ತಿದ್ದವರು ಏನಾದರು? ಹೊಸ ಬಡಾವಣೆಯಲ್ಲಿ ನೆಲೆಸಿದವರ ಹೆಸರುಗಳನ್ನು ಎಷ್ಟು ಬೇಕಾದರೂ ಪಟ್ಟಿ ಮಾಡಬಹುದು. ಅದಕ್ಕೆ ಮೊದಲು ಅಲ್ಲಿ ಕಳೆ ಕಿತ್ತವರ, ದನ ಮೇಯಿಸಿದವರ, ಕಣ ಮಾಡಿದವರ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಹಳ್ಳಿ ಬಡಾವಣೆಯಾಗುವ ರೀತಿಯನ್ನು ನೋಡಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಸರ್ಕಾರ ಭೂಸ್ವಾಧೀನಕ್ಕೆ ಪ್ರಕಟಣೆ ಹೊರಡಿಸುವಾಗ ಅದರಲ್ಲಿರುವುದು ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಸಿಗುತ್ತದೆ. ಅದೇ ಹೊಲವನ್ನೇ ನಂಬಿಕೊಂಡಿದ್ದ ಕೂಲಿಯವರಿಗೆ, ಗೋಮಾಳದಲ್ಲಿ ಕುರಿ ದನ ಮೇಯಿಸುತ್ತಿದ್ದವರಿಗೆ, ಗಂಡನ ಹೆಸರಿನ ಜಮೀನಿನಲ್ಲಿ ಹಗಲಿಡೀ ದುಡಿದ ಹೆಣ್ಣುಮಕ್ಕಳಿಗೆ ಆ ಕಾಗದದಲ್ಲಿ ಜಾಗವಿಲ್ಲ. ಹೊಲ ನಿವೇಶನವಾದ ಮೇಲೆ ಮನೆಗಳಿರುವ ಗ್ರಾಮಠಾಣಾ ಮಾತ್ರ ನಡುವೆ ಉಳಿಯುತ್ತದೆ. ಸುತ್ತ ಅಗಲವಾದ ರಸ್ತೆ, ಒಳಗೆ ಎತ್ತಿನ ಗಾಡಿಯ ಅಳತೆಯ ಓಣಿ. ಕಣ, ಹಿತ್ತಲು, ತಿಪ್ಪೆಯ ಜಾಗಗಳಲ್ಲಿ ಬಾಡಿಗೆ ಮನೆಗಳು ಏಳುತ್ತವೆ. ರೈತನ ಮಗ ಬಾಡಿಗೆ ವಸೂಲಿ ಮಾಡುವವನಾಗುತ್ತಾನೆ, ಇಲ್ಲವೇ ತನ್ನದೇ ಹೊಲದಲ್ಲಿ ಎದ್ದ ಮನೆಗೆ ಹಾಲು ಹಾಕುವವನಾಗುತ್ತಾನೆ.

ಹೆಸರಿನ ಗತಿಯೂ ಹೀಗೆಯೇ. ತೊಣಚಿಕೊಪ್ಪಲು ಬಡಾವಣೆ ಈಗ ಟಿ.ಕೆ. ಲೇಔಟ್. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಟಿ.ಕೆ. ಎಂದರೇನೆಂದು ಹೇಳಬಲ್ಲವರು ಎಷ್ಟು ಮಂದಿ ಇದ್ದಾರೋ! ಪಡುವಾರಹಳ್ಳಿ ದಾಖಲೆಯಲ್ಲಿ ವಿನಾಯಕನಗರವಾಯಿತು. ವಾಣಿವಿಲಾಸ ವಿ.ವಿ. ಆಯಿತು. ಹೊಲ ಕಳೆದುಕೊಂಡ ಹಳ್ಳಿಯ ಹೆಸರು ಹೇಗೆ ಸವೆಯಿತೋ, ರಾಣಿಯ ಹೆಸರೂ ಹಾಗೆಯೇ ಎರಡು ಅಕ್ಷರಕ್ಕೆ ಇಳಿಯಿತು.

ಒಂಟಿಕೊಪ್ಪಲಿನ ಹೆಸರು ಮಾತ್ರ ಪೂರ್ತಿ ಅಳಿಸಿಹೋಗಲಿಲ್ಲ. ಅದಕ್ಕೆ ಒಂದು ಕಾರಣ ನಮ್ಮೆಲ್ಲರ ಮನೆಯಲ್ಲೂ ಇದೆ. ಪ್ರತಿ ಯುಗಾದಿಗೆ ಕೊಂಡು ತಂದು ದೇವರ ಮನೆಯಲ್ಲಿಡುವ ಒಂಟಿಕೊಪ್ಪಲ್ ಪಂಚಾಂಗ! ಮೈಸೂರನ್ನೇ ನೋಡದ ಅಜ್ಜಿಯರ ಬಾಯಲ್ಲೂ, ಮದುವೆಗೆ ಮುಹೂರ್ತ ನೋಡುವಾಗ, ಆ ಸಣ್ಣ ಹಳ್ಳಿಯ ಹೆಸರು ಬಂದೇ ಬರುತ್ತದೆ. ವೈಕುಂಠ ಏಕಾದಶಿಯ ದಿನ ಅಲ್ಲಿನ ವೆಂಕಟರಮಣಸ್ವಾಮಿ ದೇವಾಲಯಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವವರೂ 'ಒಂಟಿಕೊಪ್ಪಲಿಗೆ ಹೋಗಿದ್ದೆವು' ಎನ್ನುತ್ತಾರೆ, ವಿ.ವಿ. ಮೊಹಲ್ಲಾಕ್ಕೆ ಎನ್ನುವುದಿಲ್ಲ. ಅಚ್ಚಾದ ಅಕ್ಷರ, ಜನ ಕೂಡುವ ಜಾಗ, ದಿನನಿತ್ಯದ ಮಾತು, ಈ ಮೂರರಲ್ಲಿ ಉಳಿದ ಊರು ನಗರದ ಹೊಟ್ಟೆಯೊಳಗೂ ಉಳಿಯುತ್ತದೆ. ಸರ್ವೆ ನಂಬರಿನಲ್ಲಿ ಮಾತ್ರ ಉಳಿದ ಊರು ಉಳಿಯುವುದಿಲ್ಲ.

ಈ ಮಾತನ್ನು ಕಳಲೆಯ ಶಾಲೆಯ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. 1901ರಲ್ಲಿ ಒಂದು ಲಕ್ಷವೂ ಇರದ ಮೈಸೂರಿನ ಜನಸಂಖ್ಯೆ 2011ರ ವೇಳೆಗೆ ಒಂಬತ್ತು ಲಕ್ಷದ ಆಸುಪಾಸಿಗೆ ಬಂತು. 1988ರಲ್ಲಿ ಆರಂಭವಾದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಕಾಲದಲ್ಲಿ ಹಿನಕಲ್, ಬೋಗಾದಿ, ದಟ್ಟಗಳ್ಳಿ, ಶ್ರೀರಾಂಪುರದ ಹೊಲಗಳೆಲ್ಲ ಬಡಾವಣೆಗಳಾದವು. ನಂಜನಗೂಡಿನ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ, ಕಡಕೊಳ, ತಾಂಡವಪುರದಲ್ಲಿ ಕಾರ್ಖಾನೆಗಳು. ನಾವು ಓದುತ್ತಿದ್ದಾಗ ಹುರುಳಿ, ಜೋಳ ಕಾಣುತ್ತಿದ್ದ ಕಡೆ ಈಗ 'ನಿವೇಶನಗಳು ಮಾರಾಟಕ್ಕಿವೆ' ಎಂಬ ಫಲಕಗಳು. ನಗರ ನಮ್ಮ ಕಡೆಗೆ ಬರುತ್ತಿದೆ. ಅದು ಕಳಲೆಗೆ ಎಂದು ಮುಟ್ಟುತ್ತದೋ ಹೇಳಲಾಗದು. ತಲುಪಿದ ದಿನ ನಮ್ಮ ಕೈಯಲ್ಲಿ ಏನಿರುತ್ತದೆ ಎಂಬುದನ್ನಂತೂ ಇವತ್ತೇ ಯೋಚಿಸಬಹುದು.

ಕಳಲೆಗೆ ಇತಿಹಾಸದ ಕೊರತೆಯಿಲ್ಲ. ರಾಜ ಒಡೆಯರ ಕಾಲದಿಂದ ಮೈಸೂರಿನ ದಳವಾಯಿ ಪದವಿ ನಮ್ಮೂರಿನ ಮನೆತನದೊಂದಿಗೆ ಬೆಸೆದುಕೊಂಡಿತ್ತು. ಹೈದರಾಲಿ ಅಧಿಕಾರಕ್ಕೆ ಬರುವ ಮುನ್ನ ರಾಜ್ಯದ ಚುಕ್ಕಾಣಿ ಕರಾಚೂರಿ ನಂಜರಾಜಯ್ಯನವರ ಕೈಯಲ್ಲಿತ್ತು. ಇದು ಪುಸ್ತಕಗಳಲ್ಲಿದೆ, ಉಳಿಯುತ್ತದೆ. ಉಳಿಯದೇ ಹೋಗುವುದು ಬೇರೆ. ನಮ್ಮ ಒಂದೊಂದು ಹೊಲಕ್ಕೂ ಇರುವ ಹೆಸರು, ಯಾವ ಕಟ್ಟೆಯ ನೀರು ಯಾರ ಗದ್ದೆಗೆ ಹೋಗುತ್ತಿತ್ತು ಎಂಬ ತಿಳಿವಳಿಕೆ, ಹಬ್ಬದಲ್ಲಿ ಯಾವ ಕೇರಿಯವರಿಗೆ ಯಾವ ಕೆಲಸ ಎಂಬ ಕಟ್ಟುಪಾಡು, ಅದರಲ್ಲಿ ಸರಿಯಾದದ್ದು ಮತ್ತು ಸರಿಯಲ್ಲದ್ದು ಎರಡೂ. ಪಹಣಿಯಲ್ಲಿ ಹೆಸರಿಲ್ಲದವರ ಬದುಕು ಇರುವುದು ಈ ನೆನಪುಗಳಲ್ಲೇ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ ಹೇಳುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ತಾತ, ಅಜ್ಜಿ, ಪಕ್ಕದ ಕೇರಿಯ ಹಿರಿಯರು, ಕೂಲಿಗೆ ಹೋಗಿ ಬಂದ ಅವ್ವ ಇವರೆಲ್ಲರ ಹತ್ತಿರ ಕುಳಿತು ಊರಿನ ಒಂದೊಂದು ಹೊಲ, ಬಾವಿ, ಕಟ್ಟೆ, ಮರದ ಹೆಸರು ಕೇಳಿ ಬರೆಯಿರಿ. ಆ ಹೆಸರು ಏಕೆ ಬಂತು, ಅಲ್ಲಿ ಯಾರು ದುಡಿದರು ಎಂದು ಕೇಳಿ. ಮೇಷ್ಟರಿಗೆ ತೋರಿಸಿ ಶಾಲೆಯ ಗ್ರಂಥಾಲಯದಲ್ಲಿಡಿ. ಮುಂದೊಂದು ದಿನ ಕಳಲೆಯಿಂದ ಓದಲು ಹೋದ ಹುಡುಗನೋ ಹುಡುಗಿಯೋ ದೂರದ ಊರಿನಿಂದ ವಿಳಾಸ ಬರೆದು ಕಳಿಸಿದಾಗ, ಮನೆಯವರು "ಅದೇನು ಹಾಗಂದ್ರೆ?" ಎಂದು ಕೇಳಿದರೆ, ನನ್ನ ಹಾಗೆ ತಪ್ಪು ಉತ್ತರ ಹೇಳುವಂತಾಗಬಾರದು.

ಅಪ್ಪನಿಗೆ ಸರಿಯಾದ ಉತ್ತರ ಹೇಳುವಷ್ಟರಲ್ಲಿ ಅವರು ಇರಲಿಲ್ಲ. ಆ ಉತ್ತರವನ್ನು ಇಲ್ಲಿ ನಿಮಗೆ ಹೇಳಿದ್ದೇನೆ.