ಕಂಚಿನಲ್ಲಿ ಎರೆದ ಅಧಿಕಾರ: ಇಟಲಿಯ ಭಾವಚಿತ್ರ ಪದಕಗಳು

ಹದಿನೈದನೆಯ ಶತಮಾನದ ಇಟಲಿಯಲ್ಲಿ ನಾಣ್ಯದ ಮೇಲೆ ತನ್ನ ಮುಖವನ್ನು ಮೂಡಿಸುವುದು ಆಳುವವನ ಹಕ್ಕಾಗಿತ್ತು. ಆದರೆ ಟಂಕಸಾಲೆಯ ಹಂಗಿಲ್ಲದೆ ಎರಕಗೊಂಡು, ಉಡುಗೊರೆಯಾಗಿ ಕೈಯಿಂದ ಕೈಗೆ ಸಾಗುತ್ತಿದ್ದ ಭಾವಚಿತ್ರ ಪದಕಕ್ಕೆ ಅಂಥ ಕಟ್ಟುಪಾಡು ಇರಲಿಲ್ಲ. ಮುಂಬದಿಯಲ್ಲಿ ವ್ಯಕ್ತಿಯ ಪಾರ್ಶ್ವಮುಖ, ಅಂದರೆ ಒಂದು ಮಗ್ಗುಲಿನಿಂದ ಕಾಣುವ ಮುಖ, ಹಿಂಬದಿಯಲ್ಲಿ ಅವನ ಗುಣವನ್ನೋ ಹಿರಿಮೆಯನ್ನೋ ಸಾರುವ ದೃಶ್ಯ ಎಂಬ ಈ ವಿನ್ಯಾಸವನ್ನು ನೆಲೆಗೊಳಿಸಿದವನು ಚಿತ್ರಕಾರ ಪಿಸಾನೆಲ್ಲೊ. ಪೂರ್ವ ಮತ್ತು ಪಶ್ಚಿಮದ ಕ್ರೈಸ್ತ ಸಭೆಗಳನ್ನು ಒಂದುಗೂಡಿಸಲು 1438ರಲ್ಲಿ ಫೆರಾರಾದಲ್ಲಿ ನೆರೆದ ಸಮಾವೇಶಕ್ಕೆ, ಆಟೊಮನ್ನರ ವಿರುದ್ಧ ನೆರವು ಬಯಸಿ ಬಂದಿದ್ದ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನ್‌ನ ಪದಕದಲ್ಲಿ, ಅವನ ಚೂಪು ಅಂಚಿನ ಎತ್ತರದ ಟೋಪಿ ಒಂದು ಬದಿಯನ್ನು ತುಂಬಿದ್ದರೆ, ಇನ್ನೊಂದರಲ್ಲಿ ಅವನು ಕುದುರೆಯ ಮೇಲೆ ಕುಳಿತೇ ದಾರಿಬದಿಯ ಶಿಲುಬೆಗೆ ಕೈಮುಗಿದಿದ್ದಾನೆ.

ಕಲಾವಿದ ಮೇಣದಲ್ಲಿ ತಿದ್ದಿದ ಮಾದರಿಯಿಂದ ಅಚ್ಚು ತೆಗೆದು, ಅದಕ್ಕೆ ಕರಗಿದ ಕಂಚನ್ನು ಹೊಯ್ದು, ಆರಿದ ಮೇಲೆ ಉಳಿಯಿಂದ ಅಂಚುಗಳನ್ನು ನಯಗೊಳಿಸುತ್ತಿದ್ದರು. ಲೋಹ ತಣಿಯುವಾಗ ಕುಗ್ಗುವುದರಿಂದ, ಮೂಲ ಪದಕವನ್ನೇ ಮಾದರಿಯಾಗಿಟ್ಟು ಎರೆದ ಪ್ರತಿಗಳು ತುಸು ಚಿಕ್ಕವಾಗಿ, ಗೆರೆಗಳು ಮಸುಕಾಗಿ ಬರುತ್ತವೆ.

ಈ ಕಲೆಯ ರಾಜಕೀಯ ಬಲ ಅತ್ಯಂತ ತೀಕ್ಷ್ಣವಾಗಿ ಕಾಣುವುದು ಬೆರ್ತೋಲ್ದೊ ದಿ ಜೊವಾನ್ನಿ ಫ್ಲಾರೆನ್ಸಿನ ಮೆದಿಚಿ ಮನೆತನಕ್ಕಾಗಿ ರೂಪಿಸಿದ ಪದಕದಲ್ಲಿ. 1478ರ ಏಪ್ರಿಲ್ 26ರಂದು ಪ್ರಧಾನ ದೇವಾಲಯದಲ್ಲಿ ಬಲಿಪೂಜೆ ನಡೆಯುತ್ತಿದ್ದಾಗ, ಪಾಟ್ಸಿ ಮನೆತನದ ಸಂಚುಗಾರರು ಲೊರೆಂಜೊ ಮತ್ತು ಜೂಲಿಯಾನೊ ಸೋದರರ ಮೇಲೆ ಎರಗಿದರು. ತಮ್ಮ ಸತ್ತ, ಅಣ್ಣ ಕುತ್ತಿಗೆಯ ಗಾಯದೊಂದಿಗೆ ಪಾರಾದ. ಪದಕದ ಎರಡೂ ಬದಿಗಳಲ್ಲಿ ದೇವಾಲಯದ ಎಂಟು ಮೂಲೆಯ ಗಾಯಕ ಆವರಣವಿದ್ದು, ಅದರೊಳಗೆ ಪಾದ್ರಿಗಳು ಪೂಜೆಯಲ್ಲಿ ತೊಡಗಿರುವಾಗಲೇ ಹೊರಗೆ ಪುಟ್ಟ ಆಕೃತಿಗಳು ಕತ್ತಿ ಎತ್ತಿವೆ. ಆವರಣದ ಮೇಲೆ ಒಂದು ಬದಿಯಲ್ಲಿ ಲೊರೆಂಜೊನ, ಮತ್ತೊಂದು ಬದಿಯಲ್ಲಿ ಜೂಲಿಯಾನೊನ ಬೃಹತ್ತಾದ ತಲೆ ನಿಂತಿದೆ. ಅಣ್ಣನ ಕಡೆ 'ನಾಡಿನ ಕ್ಷೇಮ', ತಮ್ಮನ ಕಡೆ 'ನಾಡಿನ ಶೋಕ' ಎಂಬರ್ಥದ ಲ್ಯಾಟಿನ್ ಬರಹಗಳಿವೆ. ಫ್ಲಾರೆನ್ಸ್ ಹೆಸರಿಗೆ ಗಣರಾಜ್ಯವಾಗಿತ್ತು, ಲೊರೆಂಜೊಗೆ ಅರಸನ ಪಟ್ಟವಿರಲಿಲ್ಲ. ಹಾಗಿದ್ದೂ ಒಂದು ಮನೆತನದ ಉಳಿವನ್ನು ಇಡೀ ಊರಿನ ಉಳಿವೆಂದು ಅಂಗೈಯಗಲದ ಕಂಚಿನಲ್ಲಿ ಸಾರಿದ ಈ ಧೈರ್ಯಕ್ಕೆ ಆ ಕಾಲದ ಚಿತ್ರಕಲೆಯಲ್ಲೂ ಸಾಟಿ ಅಪರೂಪ.

ತಪ್ಪಿಸಿಕೊಂಡ ಕೊಲೆಗಾರ ಬಂದೀನಿಯನ್ನು ಇಸ್ತಾಂಬುಲ್‌ನಲ್ಲಿ ಹಿಡಿಸಿ, 1479ರಲ್ಲಿ ಫ್ಲಾರೆನ್ಸಿಗೆ ಒಪ್ಪಿಸಿದವನು ಸುಲ್ತಾನ ಎರಡನೆಯ ಮೆಹಮದ್. ಮುಂದೆ ಅದೇ ಬೆರ್ತೋಲ್ದೊ ಸುಲ್ತಾನನ ಪದಕವನ್ನೂ ಎರೆದ. ಅದು ಲೊರೆಂಜೊನ ಕೃತಜ್ಞತೆಯ ಕಾಣಿಕೆಯೆಂಬ ಅಭಿಪ್ರಾಯ ಇತಿಹಾಸಕಾರರಲ್ಲಿ ಬಲವಾಗಿದೆ.